‘ಈಗೆಲ್ಲ ಎಲ್ಲಿದೆ ಅದು?’ ಎನ್ನುವವರ ಎದುರು ಹಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಹೋರಾಟದ ಹಾಡುಗಳ ಕಾರ್ಯಕ್ರಮ ಮುಗಿದು ವೇದಿಕೆಯಿಂದ ಇಳಿಯುತ್ತಿದ್ದಂತೆ ಒಬ್ಬರಾದರೂ ಎದುರಾಗುತ್ತಾರೆ. ‘ಚೆನ್ನಾಗಿ ಹಾಡಿದಿರಿ. ಆದರೆ ಈಗೆಲ್ಲ ಎಲ್ಲಿದೆ ಅದು?’ ಎನ್ನುತ್ತಾರೆ. ‘ಅದು’ ಎಂದರೆ ಹಾಡಿನಲ್ಲಿ ಬಂದ ಅನ್ಯಾಯ. ಹಲವು ವರ್ಷ ಹಿಮ್ಮೇಳದಲ್ಲಿ ನಿಂತ ನನಗೆ ಆ ಮಾತು ಬಾಯಿಪಾಠವಾಗಿದೆ. ಕೇಳುವವರು ಕೆಟ್ಟವರೇನಲ್ಲ, ಹಾಡಿಗೆ ತಲೆದೂಗಿದವರೇ. ರಾಗ ಒಳಗೆ ಹೋಗಿದೆ, ವಿಷಯ ಹೊಸ್ತಿಲಲ್ಲೇ ನಿಂತಿದೆ, ಅಷ್ಟೆ. ಅವರು ಕೇಳುವ ಪ್ರಶ್ನೆಗಳನ್ನೂ ಹಾಡಲು ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಹೋರಾಟದ ಹಾಡುಗಳೆಲ್ಲ ಒಂದೇ ಬಗೆಯವಲ್ಲವೇ?

ಎರಡು ಬಗೆಯವು ಎಂದುಕೊಂಡರೆ ಅನುಕೂಲ. ಮೆರವಣಿಗೆಯಲ್ಲಿ ನಡೆಯುತ್ತಿರುವವರಿಗಾಗಿ ಕಟ್ಟಿದ ಹಾಡುಗಳಿವೆ. ಅವು ಧೈರ್ಯ ತುಂಬುತ್ತವೆ, ದಣಿವು ಮರೆಸುತ್ತವೆ. ಹಾಡುವವರಿಗೂ ಕೇಳುವವರಿಗೂ ಅನ್ಯಾಯ ನಡೆದಿದೆ ಎಂಬುದರಲ್ಲಿ ಅನುಮಾನವಿಲ್ಲ. ಇನ್ನು ಕೆಲವು ಹಾಡುಗಳು ರಸ್ತೆಯ ಪಕ್ಕದಲ್ಲಿ ನಿಂತು ನೋಡುತ್ತಿರುವವರ ಕಡೆಗೆ, ಸದ್ದು ಕೇಳಿ ಕಿಟಕಿ ಮುಚ್ಚಿಕೊಂಡವರ ಕಡೆಗೆ ಮುಖ ಮಾಡಿರುತ್ತವೆ. ಮೊದಲ ಬಗೆಯದು ‘ಎದ್ದೇಳಿ’ ಎನ್ನುತ್ತದೆ. ಎರಡನೆಯದು ‘ನೀವು ನೋಡಿದಿರಿ’ ಎನ್ನುತ್ತದೆ. ಈ ಪುಟ ಎರಡನೆಯ ಬಗೆಯ ಬಗ್ಗೆ. ಕೇಳುಗರ ಕೈಯಿಂದ ‘ನನಗೆ ಗೊತ್ತಿರಲಿಲ್ಲ’ ಎಂಬ ನೆಪವನ್ನು ಕಿತ್ತುಕೊಳ್ಳುವುದು ಅದರ ಕೆಲಸ. ಅದಕ್ಕೇ ಅದನ್ನು ಹಾಡುವುದೂ ಕಷ್ಟ, ಕೇಳುವುದೂ ಕಷ್ಟ.

ಸಮಾಜ ನಿರಾಕರಿಸುತ್ತದೆ ಎಂದರೆ ಸುಳ್ಳು ಹೇಳುತ್ತದೆ ಎಂದೇ?

ಹಸಿ ಸುಳ್ಳು ಎಷ್ಟೋ ವಾಸಿ, ಎಂದಾದರೂ ಸಿಕ್ಕಿಬೀಳುತ್ತದೆ. ನಿರಾಕರಣೆಗೆ ಅದಕ್ಕಿಂತ ನಯವಾದ ದಾರಿಗಳಿವೆ.

1948ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಕಣಿವೆಯಲ್ಲಿ ವಿಮಾನವೊಂದು ಬಿದ್ದು 32 ಮಂದಿ ಸತ್ತರು. ಅವರಲ್ಲಿ 28 ಮಂದಿ ಮೆಕ್ಸಿಕೊಗೆ ವಾಪಸು ಕಳುಹಿಸಲಾಗುತ್ತಿದ್ದ ಕೃಷಿ ಕೂಲಿಗಳು. ದೇಶಕ್ಕೆಲ್ಲ ಹಬ್ಬಿದ ಸುದ್ದಿಯಲ್ಲಿ ವಿಮಾನದ ಸಿಬ್ಬಂದಿಯ ಮತ್ತು ಕಾವಲುಗಾರನ ಹೆಸರುಗಳು ಬಂದವು. ಉಳಿದವರೆಲ್ಲ ಒಟ್ಟಾಗಿ ‘ಗಡೀಪಾರಾದವರು’. ಸುದ್ದಿಯಲ್ಲಿ ಹಸಿ ಸುಳ್ಳಿರಲಿಲ್ಲ, ಕೂಲಿಗಳ ಹೆಸರುಗಳಿರಲಿಲ್ಲ. ಅಮೆರಿಕದ ಜನಪದ ಗಾಯಕ ವುಡಿ ಗಥ್ರಿ ಆ ಒಂದು ಪದವನ್ನೇ ಹಿಡಿದು ಹಾಡು ಬರೆದರು. ಹೆಸರು ಸಿಗದ ಕೂಲಿಗಳಿಗೆ ತಾವೇ ಹೆಸರಿಟ್ಟು ಬೀಳ್ಕೊಡುವ ಹಾಡು ಅದು. ಅದಕ್ಕೆ ರಾಗ ಕೂಡಿಬಂದದ್ದು ಸುಮಾರು ಹತ್ತು ವರ್ಷಗಳ ನಂತರ, ಬೇರೊಬ್ಬರಿಂದ.

‘ನಿಧಾನ, ನಿಧಾನ’ ಎನ್ನುವುದು ಇನ್ನೊಂದು ದಾರಿ. ಅನ್ಯಾಯ ಇದೆ, ಒಪ್ಪೋಣ, ಆದರೆ ಆತುರ ಬೇಡ ಎಂಬ ಹಿತವಚನ. 1963ರ ಸೆಪ್ಟೆಂಬರ್ 15ರಂದು ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಚರ್ಚ್ ಒಂದರಲ್ಲಿ ಬಾಂಬ್ ಸಿಡಿದು ನಾಲ್ವರು ಕಪ್ಪು ಹುಡುಗಿಯರು ಸತ್ತಾಗ ಕಪ್ಪು ಗಾಯಕಿ ನೀನಾ ಸಿಮೋನ್ ಬರೆದ ಹಾಡು ಈ ಹಿತವಚನದ ಕುತ್ತಿಗೆಗೇ ಕೈಹಾಕುತ್ತದೆ. ಮುಮ್ಮೇಳದ ಸಾಲಿಗೆ ಹಿಮ್ಮೇಳದವರು ‘ನಿಧಾನ’ ಎಂದು ಮತ್ತೆ ಮತ್ತೆ ಸೊಲ್ಲು ಹಾಕುತ್ತಾರೆ. ಹಿತೈಷಿಗಳ ಮಾತನ್ನೇ ಅವರಿಗೆ ಹಿಂದಿರುಗಿಸುವ ಈ ಉಪಾಯ ನನಗೆ ಬಹಳ ಇಷ್ಟ.

‘ಅವರ ಒಳ್ಳೆಯದಕ್ಕೇ ಮಾಡಿದ್ದು’ ಎಂಬ ಮೂರನೆಯ ದಾರಿ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಹೇಳುವವರು ಅದನ್ನು ಮನಸಾರೆ ನಂಬಿರುತ್ತಾರೆ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಹೆತ್ತವರಿಂದ ಕಿತ್ತುಕೊಂಡು ಅನಾಥಾಲಯಗಳಿಗೂ ಬಿಳಿಯರ ಮನೆಗಳಿಗೂ ಒಪ್ಪಿಸುವ ಪದ್ಧತಿ 1970ರ ಸುಮಾರಿನವರೆಗೂ ನಡೆಯಿತು. ಅದಕ್ಕೆ ಇಟ್ಟಿದ್ದ ಹೆಸರು ‘ರಕ್ಷಣೆ’. ಹಾಗೆ ಕಿತ್ತುಕೊಂಡ ಮಕ್ಕಳಲ್ಲಿ ಒಬ್ಬರಾದ ಆರ್ಚಿ ರೋಚ್ ಆ ಕಥೆಯನ್ನು ಹಾಡಾಗಿಸಿ 1990ರಲ್ಲಿ ಹೊರತಂದರು. ಮನೆಯವರೆಲ್ಲ ಬೆಂಕಿ ಅನಾಹುತದಲ್ಲಿ ಸತ್ತರೆಂದು ಅವರಿಗೆ ಚಿಕ್ಕಂದಿನಲ್ಲಿ ಹೇಳಲಾಗಿತ್ತು. ಒಂದು ದಿನ ಅಕ್ಕನ ಪತ್ರ ಬಂತು. ಹಾಡಿನಲ್ಲಿ ಬೈಗುಳವಿಲ್ಲ. ಬಂದರು, ಮಕ್ಕಳನ್ನು ಕರೆದುಕೊಂಡು ಹೋದರು ಎಂಬುದನ್ನು ಮಗು ಕಂಡ ಹಾಗೆ ಹೇಳುತ್ತಾ ಹೋಗುತ್ತದೆ. ‘ರಕ್ಷಣೆ’ ಎಂಬ ಮಾತಿನ ಒಳಗೆ ಏನಿತ್ತು ಎಂಬುದು ತಾನಾಗಿಯೇ ಹೊರಬೀಳುತ್ತದೆ.

ಹಾಡಿನಲ್ಲಿ ಹೆಸರು, ತಾರೀಕು, ಸ್ಥಳ ತುರುಕಿದರೆ ಅದು ವರದಿಯಾಗುವುದಿಲ್ಲವೇ?

ಆಗಬಹುದು. ಕೆಟ್ಟ ಹಾಡುಗಳಲ್ಲಿ ಆಗುತ್ತದೆ. ಆದರೆ ಸರ್ಕಾರವೇ ನಿರಾಕರಣೆಗೆ ನಿಂತಾಗ ತಾರೀಕೇ ದೊಡ್ಡ ಅಲಂಕಾರ.

ದಕ್ಷಿಣ ಆಫ್ರಿಕಾದ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೊ 1977ರ ಸೆಪ್ಟೆಂಬರ್ 12ರಂದು ಪೊಲೀಸರ ವಶದಲ್ಲಿ ಸತ್ತರು. ಮೊದಲು ಹೊರಬಿದ್ದ ಸರ್ಕಾರಿ ವಿವರಣೆ ಉಪವಾಸದ ಕಡೆಗೆ ಬೆರಳು ತೋರಿಸಿತು. ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೆ ಹಾನಿಯಾಗಿತ್ತು ಎಂಬುದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿದ ಮೇಲೂ ವಿಚಾರಣೆಯಲ್ಲಿ ಯಾರೂ ಹೊಣೆಯಾಗಲಿಲ್ಲ. 1980ರಲ್ಲಿ ಬ್ರಿಟನ್ನಿನ ಪೀಟರ್ ಗೇಬ್ರಿಯಲ್ ಹಾಡಿದ ಹಾಡು ಶುರುವಾಗುವುದೇ ತಿಂಗಳು, ವರ್ಷ, ಪೋರ್ಟ್ ಎಲಿಜಬೆತ್ ಊರು ಮತ್ತು ಪೊಲೀಸ್ ಕೊಠಡಿಯ ಸಂಖ್ಯೆಯಿಂದ. 619. ಆ ಸಂಖ್ಯೆಗೆ ಕಾವ್ಯದ ಹಂಗಿಲ್ಲ. ‘ಎಲ್ಲೋ ಏನೋ ಆಯಿತಂತೆ’ ಎಂದು ಕೈತೊಳೆದುಕೊಳ್ಳುವ ದಾರಿಯನ್ನು ಅದೊಂದು ಸಂಖ್ಯೆ ಮುಚ್ಚಿಬಿಡುತ್ತದೆ. ಬಾಗಿಲ ಮೇಲೆ ಬರೆದಿರುವ ಅಂಕಿಯನ್ನು ಇಲ್ಲವೆನ್ನುವುದು ಹೇಗೆ? ಇಪ್ಪತ್ತು ವರ್ಷಗಳ ನಂತರ, 1997ರಲ್ಲಿ, ಪೊಲೀಸರೇ, ವರ್ಣಭೇದ ಕಾಲದ ಅನ್ಯಾಯಗಳನ್ನು ವಿಚಾರಿಸಲು ನೇಮಿಸಿದ ಸತ್ಯ ಮತ್ತು ಸಮನ್ವಯ ಆಯೋಗದ ಮುಂದೆ ಕ್ಷಮಾದಾನ ಬೇಡಿ ಬಂದರು. ಅದು ಸಿಗಲಿಲ್ಲ.

ಚಿಲಿಯ ಗಾಯಕ ವಿಕ್ತೊರ್ ಹಾರಾ ಇನ್ನೂ ಮುಂದೆ ಹೋದರು. 1969ರ ಮಾರ್ಚ್‌ನಲ್ಲಿ ಪುವೆರ್ತೊ ಮೊಂತ್ ಊರಿನ ಖಾಲಿ ಜಾಗದಲ್ಲಿ ಗುಡಿಸಲು ಹಾಕಿಕೊಂಡ ಬಡವರ ಮೇಲೆ ಪೊಲೀಸರು ಗುಂಡು ಹಾರಿಸಿ ಕೊಂದರು. ಹಾರಾ ತಮ್ಮ ಹಾಡಿನಲ್ಲಿ ಅಂದಿನ ಗೃಹಮಂತ್ರಿಯ ಹೆಸರನ್ನೇ ಹಿಡಿದು ಉತ್ತರ ಕೇಳಿದರು. 1973ರ ಸೆಪ್ಟೆಂಬರ್ 11ರ ಸೇನಾ ದಂಗೆಯ ನಂತರ ಅವರನ್ನು ಕ್ರೀಡಾಂಗಣವೊಂದರಲ್ಲಿ ಕೂಡಿಹಾಕಿ ಕೊಲ್ಲಲಾಯಿತು. ಅಲ್ಲಿ ಅವರು ಬರೆದ ಕೊನೆಯ ಕವಿತೆಯನ್ನು ಜೊತೆಯ ಬಂದಿಗಳು ಗುಟ್ಟಾಗಿ ಹೊರಕ್ಕೆ ಸಾಗಿಸಿದರು. ಇಂದು ಆ ಕ್ರೀಡಾಂಗಣಕ್ಕೆ ಅವರದೇ ಹೆಸರು.

ಇಷ್ಟೊಂದು ನೋವಿನ ವಿಷಯಕ್ಕೆ ಕುಣಿಯುವಂಥ ಧಾಟಿ ಏಕೆ?

ಹೊಸಬರು ಇದನ್ನು ತಪ್ಪು ಎಂದುಕೊಳ್ಳುತ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಅಂದುಕೊಂಡಿದ್ದೆ. ಅಳುವ ರಾಗ ಕೇಳಿದರೆ ಜನ ಮನಸ್ಸನ್ನು ಮೊದಲೇ ಸಿದ್ಧಪಡಿಸಿಕೊಂಡುಬಿಡುತ್ತಾರೆ. ‘ಇದು ದುಃಖದ ಹಾಡು, ಎರಡು ನಿಮಿಷ ದುಃಖಪಡೋಣ’ ಎಂದು ಕೂರುತ್ತಾರೆ. ಕಾಲು ಕುಣಿಸುವ ಧಾಟಿಗೆ ಯಾರೂ ಕಾವಲು ಹಾಕುವುದಿಲ್ಲ. ಸಿಮೋನ್ ಅವರ ಹಾಡಿನ ನಡೆ ನಾಟಕರಂಗದ ಲಘು ಹಾಡಿನದು. ‘ಇದು ನಾಟಕದ ಹಾಡು, ನಾಟಕ ಮಾತ್ರ ಇನ್ನೂ ಬರೆದಾಗಿಲ್ಲ’ ಎಂಬ ಅರ್ಥದ ಮಾತನ್ನು ಅವರು ನಡುವೆ ಸೇರಿಸುತ್ತಿದ್ದರು. ಸಭಿಕರು ನಗುತ್ತಿದ್ದರು. ಮುಂದಿನ ಚರಣಕ್ಕೆ ನಗು ನಿಲ್ಲುತ್ತಿತ್ತು.

ದಕ್ಷಿಣ ಆಫ್ರಿಕಾದ ಕಾರ್ಮಿಕ ಮುಖಂಡ ವುಯಿಸಿಲೆ ಮಿನಿ ಕಟ್ಟಿದ ಹಾಡು ವರ್ಣಭೇದ ನೀತಿಯ ರೂವಾರಿ ಫರ್ವೂರ್ಡ್‌ಗೆ ‘ಹುಷಾರು’ ಎನ್ನುತ್ತದೆ. ಅದರ ಸಾಲುಗಳ ಭಾಷೆ ಕೋಸಾ, ಧಾಟಿ ಉಲ್ಲಾಸದ್ದು. ಅರ್ಥ ತಿಳಿಯದವರ ಕಿವಿಗೆ ಅದು ಹಬ್ಬದ ಹಾಡು. ಮಿನಿಯನ್ನು 1964ರ ನವೆಂಬರ್‌ನಲ್ಲಿ ಪ್ರಿಟೋರಿಯಾದ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಹಾಡನ್ನು ಗಲ್ಲಿಗೇರಿಸಲು ಆಗಲಿಲ್ಲ.

ಮಾತೇ ಇಲ್ಲದೆ ನಿರಾಕರಣೆಯನ್ನು ಎದುರಿಸಲು ಸಾಧ್ಯವೇ?

ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಚಿಲಿಯಲ್ಲಿ ಕುವೆಕಾ ಎಂಬ ಜನಪದ ನೃತ್ಯವಿದೆ. ಗಂಡು ಹೆಣ್ಣು ಎದುರುಬದುರು ನಿಂತು ಕರವಸ್ತ್ರ ಬೀಸುತ್ತಾ ಕುಣಿಯುವ ಜೋಡಿ ಕುಣಿತ. 1973ರ ದಂಗೆಯ ನಂತರದ ಸೇನಾಧಿಕಾರಿ ಪಿನೊಚೆಟ್ ಆಳ್ವಿಕೆಯಲ್ಲಿ ಸಾವಿರಾರು ಜನರನ್ನು ಹಿಡಿದೊಯ್ದರು. ಮನೆಯವರು ವಿಚಾರಿಸಲು ಹೋದರೆ ಅಂಥವರು ನಮ್ಮ ವಶದಲ್ಲಿಲ್ಲ ಎಂಬ ಉತ್ತರ. 1978ರಿಂದ, ಕಾಣೆಯಾದವರ ತಾಯಂದಿರು, ಹೆಂಡಂದಿರು, ಅಕ್ಕತಂಗಿಯರು ಎದೆಯ ಮೇಲೆ ಅವರ ಭಾವಚಿತ್ರ ಚುಚ್ಚಿಕೊಂಡು ಈ ಕುವೆಕಾವನ್ನು ಒಬ್ಬಂಟಿಯಾಗಿ ಕುಣಿಯತೊಡಗಿದರು. ಅದೇ ಹೆಜ್ಜೆ, ಅದೇ ಕರವಸ್ತ್ರ, ಎದುರಿಗೆ ಮಾತ್ರ ಖಾಲಿ ಜಾಗ.

ಆ ಜಾಗದಲ್ಲಿ ಯಾರಿರಬೇಕಿತ್ತು ಎಂದು ನೋಡುವವರೇ ಕೇಳಿಕೊಳ್ಳಬೇಕು. ಸರ್ಕಾರ ಯಾವ ಸಾಲನ್ನು ಅಳಿಸುತ್ತದೆ? ಇಲ್ಲದವನನ್ನು ಕಾಣಿಸಿದ್ದು ಆ ಖಾಲಿ ಜಾಗವೇ ಅಲ್ಲವೇ? ಪಾಪ, ಕತ್ತರಿ ಹಿಡಿದು ಕೂತ ಅಧಿಕಾರಿಗೆ ಕತ್ತರಿಸಲು ಏನೂ ಸಿಕ್ಕಿರಲಾರದು.

ನೋವುಂಡವರಲ್ಲದವರು ಇಂಥ ಹಾಡು ಹಾಡಬಹುದೇ?

ಹಾಡಬಹುದು, ಆದರೆ ತಮ್ಮ ಜಾಗ ಎಲ್ಲಿ ಎಂಬುದು ಗೊತ್ತಿರಬೇಕು. ಅಮೆರಿಕದಲ್ಲಿ ಕಪ್ಪು ಜನರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದುದರ ಬಗೆಗಿನ ಹೆಸರಾಂತ ಹಾಡನ್ನು ಬರೆದ ಏಬಲ್ ಮೀರೋಪೋಲ್ ನ್ಯೂಯಾರ್ಕಿನ ಯಹೂದಿ ಶಾಲಾಶಿಕ್ಷಕ. 1930ರಲ್ಲಿ ಇಂಡಿಯಾನಾದ ಮೇರಿಯನ್‌ನಲ್ಲಿ ನಡೆದ ಅಂಥ ಕೊಲೆಯ ಛಾಯಾಚಿತ್ರ ಅವರ ನಿದ್ದೆ ಕೆಡಿಸಿತ್ತು. ಆ ಚಿತ್ರದಲ್ಲಿ ಎರಡು ಹೆಣಗಳಿವೆ. ಅವುಗಳ ಕೆಳಗೆ ಕ್ಯಾಮೆರಾ ನೋಡುತ್ತಾ ನಿಂತ, ಕೆಲವರು ಮುಗುಳ್ನಗುತ್ತಿರುವ ಜನರಿದ್ದಾರೆ. ನನ್ನನ್ನು ಕೇಳಿದರೆ ಹಾಡಿನ ನಿಜವಾದ ವಿಷಯ ಆ ಜನ. ಗುಟ್ಟಾಗಿ ನಡೆದದ್ದಲ್ಲ, ಎಲ್ಲರೂ ಕಂಡದ್ದು, ಆದರೂ ಯಾರೂ ಕಾಣಲಿಲ್ಲ ಎನ್ನುವಂಥದ್ದು.

ಬರೆದವರು ಅವರಾದರೂ ಅದಕ್ಕೆ ಉಸಿರು ಬಂದದ್ದು 1939ರಲ್ಲಿ ಕಪ್ಪು ಗಾಯಕಿ ಬಿಲ್ಲಿ ಹಾಲಿಡೇ ಹಾಡಿದಾಗ. ದೊಡ್ಡ ಧ್ವನಿಮುದ್ರಣ ಕಂಪನಿ ಹಿಂದೆ ಸರಿಯಿತು, ಸಣ್ಣದೊಂದು ಕಂಪನಿ ರೆಕಾರ್ಡ್ ಮಾಡಿತು. ಮೀರೋಪೋಲ್‌ರನ್ನು ಆಮೇಲೆ ವಿಚಾರಣಾ ಸಮಿತಿಯೊಂದು ಕರೆಸಿ, ಇದನ್ನು ಬರೆಯಲು ಕಮ್ಯುನಿಸ್ಟ್ ಪಕ್ಷ ಹಣ ಕೊಟ್ಟಿತೇ ಎಂದು ಕೇಳಿತು. ಹೆಣಗಳ ಬಗ್ಗೆ ಬರೆದರೆ ಹಣದ ಬಗ್ಗೆ ಕೇಳುವುದು ಸಮಿತಿಗಳ ಹಳೆಯ ಚಾಳಿ.

ಹೊರಗಿನವರಾಗಿ ಹಾಡುವುದಾದರೆ ತಮ್ಮವರ ಕಡೆಗೆ ತಿರುಗಿ ಹಾಡುವುದು ಒಳ್ಳೆಯ ದಾರಿ. 2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪದಲ್ಲಿ ಮಿಡ್‌ನೈಟ್ ಆಯಿಲ್ ತಂಡದ ಬಿಳಿಯ ಗಾಯಕರು ಮೂಲನಿವಾಸಿಗಳ ನೆಲದ ಹಕ್ಕಿನ ಬಗೆಗಿನ ತಮ್ಮ ಹಾಡನ್ನು ಹಾಡಿದರು. ತೊಟ್ಟಿದ್ದ ಕಪ್ಪು ಬಟ್ಟೆಯ ಮೇಲೆ ‘ಕ್ಷಮಿಸಿ’ ಎಂಬ ಅರ್ಥದ ಇಂಗ್ಲಿಷ್ ಪದ. ಕಿತ್ತುಕೊಂಡ ಮಕ್ಕಳ ವಿಷಯದಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಲು ಒಪ್ಪದಿದ್ದ ಪ್ರಧಾನಿ ಅಲ್ಲೇ ಕುಳಿತಿದ್ದರು. ಆ ಗಾಯಕರು ಮೂಲನಿವಾಸಿಗಳ ನೋವನ್ನು ತಮ್ಮದೆಂದು ಹಾಡಲಿಲ್ಲ. ಪ್ರಧಾನಿ ಆಡದ ಒಂದು ಪದವನ್ನು ಬಟ್ಟೆಯ ಮೇಲೆ ಬರೆದುಕೊಂಡು ಬಂದರು.

ಕನ್ನಡದಲ್ಲಿ ಇಂಥ ಹಾಡುಗಳಿವೆಯೇ?

ಧಾರಾಳವಾಗಿವೆ. ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಲಗೆಯ ಬಡಿತದೊಂದಿಗೆ ಹರಡಿದ ಸಿದ್ಧಲಿಂಗಯ್ಯನವರ ಹಾಡುಗಳನ್ನು ಮೊದಲು ಕೇಳಿ. ಅವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು, ಎಲ್ಲಿಗೆ ಬಂತು ಎಂದು ಕೇಳುವ ಅವರ ಹಾಡು ಈ ಪುಟದ ವಿಷಯಕ್ಕೆ ನೇರವಾಗಿ ಸೇರಿದ್ದು. ಸ್ವಾತಂತ್ರ್ಯ ಬಂದೇ ಇಲ್ಲ ಎಂದು ಅದು ವಾದಿಸುವುದಿಲ್ಲ. ಬಂದದ್ದು ಎಲ್ಲಿ ಇಳಿಯಿತು ಎಂದು ವಿಳಾಸ ಕೇಳುತ್ತದೆ. ‘ಎಲ್ಲ ಸರಿಹೋಯಿತಲ್ಲ’ ಎಂಬ ಮಾತಿಗೆ ಜಗಳವಾಡದೆ ಲೆಕ್ಕ ಕೇಳುವ ರೀತಿ ಅದು. ಸಭೆಯಲ್ಲಿ ಕುಳಿತವರು ಒಬ್ಬೊಬ್ಬರೂ ತಮ್ಮ ಕೇರಿಯನ್ನು ನೆನೆದು ಉತ್ತರ ಹುಡುಕಬೇಕಾಗುತ್ತದೆ.

ಹಾಡನ್ನು ನಿಷೇಧಿಸಿದರೆ ಅದಕ್ಕೆ ಲಾಭವೇ ಅಲ್ಲವೇ?

ಇದು ಸುರಕ್ಷಿತವಾಗಿ ಕುಳಿತವರು ಆಡುವ ಮಾತು. ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದ ಸರ್ಕಾರಿ ಬಾನುಲಿಯಲ್ಲಿ ಬೇಡವಾದ ಹಾಡುಗಳ ಮೇಲೆ ಚೂಪಾದ ಮೊಳೆಯಂಥದ್ದರಿಂದ ಗೀರಿ ರೆಕಾರ್ಡನ್ನೇ ಹಾಳುಮಾಡುತ್ತಿದ್ದರು. ಸಿಮೋನ್ ಅವರ ರೆಕಾರ್ಡುಗಳು ಅಮೆರಿಕದ ದಕ್ಷಿಣದಿಂದ ಎರಡು ತುಂಡಾಗಿ ಪೆಟ್ಟಿಗೆಯಲ್ಲಿ ವಾಪಸು ಬಂದವು. ಹೀಗೆ ಅಳಿಸಿಹೋದ ಹಾಡುಗಳಲ್ಲಿ ನಮಗೆ ತಿಳಿದಿರುವುದು ಬದುಕುಳಿದ ಕೆಲವು ಮಾತ್ರ.

ಹಾಡಿನಿಂದ ಏನಾದರೂ ಬದಲಾಗಿದೆಯೇ?

ಹಾಡಿನಿಂದಲೇ ಎಂದು ಎದೆತಟ್ಟಿ ಹೇಳುವವರನ್ನು ನಂಬಬೇಡಿ. ಚಳವಳಿ, ನ್ಯಾಯಾಲಯ, ಪತ್ರಿಕೆ, ಮತಪೆಟ್ಟಿಗೆ ಎಲ್ಲವೂ ಕೂಡಿ ಎಳೆದಾಗ ಬಂಡಿ ಸರಿಯುತ್ತದೆ. ತಾರೀಕುಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಗುಂಪುಹತ್ಯೆಯ ಹಾಡು ರೆಕಾರ್ಡ್ ಆದದ್ದು 1939ರಲ್ಲಿ, ಅದನ್ನು ಪ್ರತ್ಯೇಕ ಅಪರಾಧವೆಂದು ಸಾರುವ ಅಮೆರಿಕದ ಕೇಂದ್ರ ಕಾನೂನಿಗೆ ಅಧ್ಯಕ್ಷರ ಸಹಿ ಬಿದ್ದದ್ದು 2022ರ ಮಾರ್ಚ್‌ನಲ್ಲಿ. ಎಂಬತ್ತಮೂರು ವರ್ಷ. ಆರ್ಚಿ ರೋಚ್ ಅವರ ಹಾಡು 1990ರದು, ಸಂಸತ್ತಿನಲ್ಲಿ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ಲಾಸ್ ಗಾಟೋಸ್‌ನ 28 ಕೂಲಿಗಳನ್ನು ಫ್ರೆಸ್ನೊ ಊರಿನ ಸ್ಮಶಾನದಲ್ಲಿ ಒಟ್ಟಿಗೆ ಹೂಳಲಾಗಿತ್ತು. ಅವರೆಲ್ಲರ ಹೆಸರು ಕೆತ್ತಿದ ಕಲ್ಲು ಅಲ್ಲಿ ಎದ್ದದ್ದು 2013ರಲ್ಲಿ. ಅಷ್ಟು ವರ್ಷ ಹೆಸರಿಲ್ಲದಿರುವಿಕೆಯೇ ಹಾಡಾಗಿ ಬಾಯಿಂದ ಬಾಯಿಗೆ ಓಡಾಡಿತು. ಯಾರಾದರೂ ಹುಡುಕಲು ಹೊರಡಬೇಕಾದರೆ ಕಳೆದುಹೋದದ್ದೇನೆಂದು ಮೊದಲು ಗೊತ್ತಿರಬೇಕಲ್ಲ.

ಎಲ್ಲರೂ ಹೊಗಳತೊಡಗಿದರೆ ಹಾಡು ಗೆದ್ದಂತೆಯೇ?

ನನಗೆ ಹೊಗಳಿಕೆಯ ಬಗ್ಗೆ ನಿಷೇಧಕ್ಕಿಂತ ಹೆಚ್ಚು ಅನುಮಾನ. ಟೈಮ್ ಪತ್ರಿಕೆ 1939ರಲ್ಲಿ ಹಾಲಿಡೇ ಅವರ ಗುಂಪುಹತ್ಯೆಯ ಹಾಡನ್ನು ಪ್ರಚಾರದ ಸಂಗೀತ ಎಂದು ಕರೆದಿತ್ತು, 1999ರಲ್ಲಿ ಅದನ್ನೇ ಶತಮಾನದ ಹಾಡು ಎಂದಿತು. ಪತ್ರಿಕೆ ಬದಲಾಗಿದೆ, ಸಂತೋಷ. ಆದರೆ ‘ಆ ಕಾಲ ಎಷ್ಟು ಕ್ರೂರವಾಗಿತ್ತು’ ಎಂದು ನಿಟ್ಟುಸಿರುಬಿಟ್ಟು ಪ್ರಶಸ್ತಿ ಕೊಡುವುದೂ ನಿರಾಕರಣೆಯ ಹೊಸ ಪೋಷಾಕು ಆಗಬಹುದು. ‘ಗೆದ್ದೇ ಗೆಲ್ಲುವೆವು ಒಂದು ದಿನ’ ಎಂದು ನಾವು ಹಾಡುವ ಹಾಡಿನ ಮೂಲವನ್ನು 1945–46ರಲ್ಲಿ ಅಮೆರಿಕದ ಚಾರ್ಲ್‌ಸ್ಟನ್‌ನಲ್ಲಿ ಮುಷ್ಕರ ಹೂಡಿದ ತಂಬಾಕು ಕಾರ್ಖಾನೆಯ ಕಪ್ಪು ಹೆಂಗಸರು ಹಾಡುತ್ತಿದ್ದರು. ಈಗ ಅದನ್ನು ಯಾರು ಬೇಕಾದರೂ ಯಾರ ಎದುರು ಬೇಕಾದರೂ ಹಾಡಬಹುದು, ಯಾರಿಗೂ ಮುಜುಗರವಿಲ್ಲ. ಆಗಾಗ ಹಾಡಿನ ಮೂಲದ ಕಥೆಯನ್ನು ಹಾಡಿಗೆ ಮುಂಚೆ ಎರಡು ಮಾತಿನಲ್ಲಿ ಹೇಳಿ. ಸಭೆಯ ಮುಖಗಳು ಸ್ವಲ್ಪ ಬದಲಾಗುತ್ತವೆ.

‘ಇದು ಒಂದು ಪಕ್ಷದ ಕಥೆ’ ಎಂದರೆ ಏನು ಹೇಳಲಿ?

ಹೌದು ಎನ್ನಿ. ಇನ್ನೊಂದು ಪಕ್ಷದ ಕಥೆ ಈಗಾಗಲೇ ಕಡತಗಳಲ್ಲಿದೆ.

ನಾನೂ ಒಂದು ಹಾಡು ಕಟ್ಟಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ನಿರಾಕರಿಸುವವರ ಮಾತಿನಿಂದ. ನೀವು ಎತ್ತಿಕೊಂಡ ವಿಷಯಕ್ಕೆ ಜನ ಏನೆಂದು ನುಣುಚಿಕೊಳ್ಳುತ್ತಾರೆ ಎಂಬುದನ್ನು ಒಂದು ವಾರ ಕಿವಿಗೊಟ್ಟು ಕೇಳಿ, ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ‘ನಮ್ಮಲ್ಲಿ ಹಾಗೇನಿಲ್ಲ’, ‘ಅವರಿಗೇ ಅದು ಬೇಕು’, ‘ಕಾನೂನು ಇದೆಯಲ್ಲ’. ಇವುಗಳಲ್ಲಿ ಒಂದು ನಿಮ್ಮ ಪಲ್ಲವಿಯಾಗಲಿ. ಚರಣಗಳಲ್ಲಿ ನಡೆದದ್ದನ್ನು ಮಾತ್ರ ಹೇಳಿ, ನಿಮ್ಮ ಸಿಟ್ಟನ್ನು ಹೇಳಬೇಡಿ. ಪ್ರತಿ ಚರಣದ ನಂತರ ಅದೇ ಪಲ್ಲವಿಗೆ ಹಿಂದಿರುಗಿದಾಗ ಅದರ ಅರ್ಥ ಹುಳಿಯಾಗುತ್ತಾ ಹೋಗುತ್ತದೆ. ಹಿಮ್ಮೇಳಕ್ಕೆ ಸೊಲ್ಲು ಬೇಕೇ ಬೇಕು, ಒಮ್ಮೆ ಕೇಳಿದರೆ ಹಿಡಿಯುವಷ್ಟು ಚಿಕ್ಕದಾಗಿರಲಿ.

ಸತ್ತವರ ಹೆಸರು ಬಳಸುವುದಾದರೆ ಮೊದಲು ಅವರ ಮನೆಯವರ ಎದುರು ಕುಳಿತು ಹಾಡಿ. ಅವರು ಬೇಡವೆಂದರೆ ಆ ಹೆಸರು ಬೇಡ. ಈ ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಗೆ ಸಿದ್ಧನಿಲ್ಲ. ಒಮ್ಮೆ ನಮ್ಮ ತಂಡ ಹೀಗೆ ಕೇಳದೆ ಹಾಡಿತು. ಸಭೆಯ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ಹೊರನಡೆದರು. ಸತ್ತವನ ತಾಯಿ ಅವರು ಎಂಬುದು ನಮಗೆ ಆಮೇಲೆ ತಿಳಿಯಿತು.

ಇಂಥ ಹಾಡು ಮುಗಿದಾಗ ಚಪ್ಪಾಳೆ ತಟ್ಟಬೇಕೇ?

ಕೇಳುಗರು ನಿಜವಾಗಿಯೂ ತಡವರಿಸುವ ಜಾಗ ಇದು. ಬಿಲ್ಲಿ ಹಾಲಿಡೇ ಮೊದಲ ಸಲ ಗುಂಪುಹತ್ಯೆಯ ಆ ಹಾಡನ್ನು ನ್ಯೂಯಾರ್ಕಿನ ಕೆಫೆ ಸೊಸೈಟಿ ಎಂಬ ರಾತ್ರಿ ಕ್ಲಬ್ಬಿನಲ್ಲಿ ಹಾಡಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಒಬ್ಬರು ಅಳುಕುತ್ತಾ ತಟ್ಟಿದರು, ಅದರ ಹಿಂದೆ ಎಲ್ಲರೂ. ಇದನ್ನು ಅವರೇ ಆತ್ಮಕಥೆಯಲ್ಲಿ ನೆನೆದಿದ್ದಾರೆ. ನಂತರದ ದಿನಗಳಲ್ಲಿ ಅಲ್ಲಿ ಒಂದು ಕಟ್ಟುಪಾಡು ಬಂತು. ಈ ಹಾಡು ಯಾವಾಗಲೂ ಕೊನೆಯಲ್ಲಿ. ಹಾಡು ಶುರುವಾಗುವ ಮುನ್ನ ಮಾಣಿಗಳು ಬಡಿಸುವುದನ್ನು ನಿಲ್ಲಿಸಬೇಕು. ದೀಪಗಳೆಲ್ಲ ಆರಬೇಕು, ಗಾಯಕಿಯ ಮುಖದ ಮೇಲೆ ಒಂದೇ ಬೆಳಕು. ಕೊನೆಯ ಸಾಲಿಗೆ ಅದೂ ಆರುತ್ತಿತ್ತು. ಮತ್ತೆ ದೀಪ ಹತ್ತಿದಾಗ ವೇದಿಕೆ ಖಾಲಿ. ಚಪ್ಪಾಳೆ ಎಷ್ಟೇ ಜೋರಾಗಿದ್ದರೂ ತೆಗೆದುಕೊಳ್ಳಲು ಅವರು ಹಿಂದಿರುಗಿ ಬರುತ್ತಿರಲಿಲ್ಲ.